ಹಸುವಿನ ಎಳೆಯ ಭ್ರೂಣದಲ್ಲಿ ಕಿಣ್ವಗಳ ಕಾರ್ಯ

ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ ಮೂರು ವಾರಕ್ಕೆ ಅದು ಮತ್ತೆ ಬೆದೆಗೆ ಬಂದರೆ, "ಗಬ್ಬ ನಿಲ್ಲಲಿಲ್ಲ, ಇಂಜೆಕ್ಷನ್ ಸರಿ ಇರಲಿಲ್ಲ" ಎಂದು ಹೇಳುವುದು ರೂಢಿ. ಮೂರು ನಾಲ್ಕು ಬಾರಿ ಹೀಗಾದರೆ ಹಸುವಿಗೆ ಗೊಡ್ಡು ಎಂಬ ಹೆಸರು ಬೀಳುತ್ತದೆ, ದಲ್ಲಾಳಿ ಬಾಗಿಲಿಗೆ ಬರುತ್ತಾನೆ, ಚೆನ್ನಾಗಿ ಹಾಲು ಕರೆಯುತ್ತಿದ್ದ ಮಿಶ್ರತಳಿ ಹಸು ಸಿಕ್ಕಿದ ಬೆಲೆಗೆ ಕೈಬಿಟ್ಟು ಹೋಗುತ್ತದೆ. ಇಂಥ ಹಸುಗಳಲ್ಲಿ ಎಷ್ಟೋ ಹಸುಗಳಿಗೆ ಗರ್ಭ ಕಟ್ಟಿಯೇ ಇರುತ್ತದೆ ಎಂಬುದು ಹಲವು ರೈತರಿಗೆ ತಿಳಿದಿಲ್ಲ. ಐರ್ಲೆಂಡಿನಲ್ಲಿ ಡಿಸ್ಕಿನ್ ಮತ್ತು ಸ್ರೀನನ್ ಎಂಬ ವಿಜ್ಞಾನಿಗಳು ಗರ್ಭಧಾರಣೆ ಮಾಡಿಸಿದ ಕಡಸುಗಳನ್ನು ಬೇರೆ ಬೇರೆ ದಿನಗಳಲ್ಲಿ ಪರೀಕ್ಷಿಸಿ 1980ರಲ್ಲಿ ವರದಿ ಪ್ರಕಟಿಸಿದರು. ಅದರಂತೆ 100ಕ್ಕೆ ಸುಮಾರು 90 ಕಡಸುಗಳಲ್ಲಿ ಅಂಡಾಣು ಫಲಗೊಂಡಿತ್ತು. ಆದರೆ ಒಂದು ಬಾರಿಯ ಗರ್ಭಧಾರಣೆಯಿಂದ ಕರು ಹಾಕುವ ಹಸುಗಳು ಸಾಮಾನ್ಯವಾಗಿ ಅರ್ಧದ ಆಸುಪಾಸು ಮಾತ್ರ. ನಡುವೆ ಕಳೆದುಹೋಗುವ ಭ್ರೂಣಗಳಲ್ಲಿ ಹೆಚ್ಚಿನವು ಮೊದಲ ಮೂರು ವಾರಗಳೊಳಗೇ, ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವ ಮೊದಲೇ, ಯಾರ ಕಣ್ಣಿಗೂ ಬೀಳದೆ ಕರಗಿಹೋಗುತ್ತವೆ.

ಆ ಮೂರು ವಾರಗಳಲ್ಲಿ ಭ್ರೂಣಕ್ಕೆ ತಾಯಿಯ ರಕ್ತದ ಆಸರೆ ಇಲ್ಲ. ಹೊಕ್ಕುಳಬಳ್ಳಿ ಇಲ್ಲ, ಮಾಸು ಇನ್ನೂ ಬೆಳೆದಿಲ್ಲ. ಸುತ್ತಲಿನ ತೆಳು ದ್ರವವನ್ನು ಹೀರಿಕೊಂಡು, ತನ್ನೊಳಗಿನ ಕಿಣ್ವಗಳ ಬಲದಿಂದ ಅದು ಬದುಕಬೇಕು. ಈ ಕಿಣ್ವಗಳು ಎಲ್ಲಿಂದ ಬಂದವು, ಯಾವ ದಿನ ಯಾವುದು ಕೆಲಸಕ್ಕೆ ತೊಡಗುತ್ತದೆ, ಯಾವುದರಿಂದ ಅವುಗಳ ಕೆಲಸ ಕೆಡುತ್ತದೆ ಎಂಬುದನ್ನು ಅರಿತರೆ ಕೊಟ್ಟಿಗೆಯಲ್ಲಿ ಯಾವ ದಿನಗಳಂದು ಹೆಚ್ಚಿನ ಎಚ್ಚರ ಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಕಿಣ್ವ ಎಂದರೇನು?

ಜೀವಕೋಶದೊಳಗೆ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಪ್ರೋಟೀನಿಗೆ ಕಿಣ್ವ ಎಂದು ಹೆಸರು. ತಾನು ಖರ್ಚಾಗದೆ ಬೇರೊಂದು ವಸ್ತುವನ್ನು ಬದಲಿಸುವುದು ಅದರ ಗುಣ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಆ ಹಿಟ್ಟಿನ ಗಂಜಿ ತೆಳ್ಳಗೂ ಸಿಹಿಯಾಗಿಯೂ ಇರುತ್ತದೆ. ಮೊಳೆಯುವಾಗ ಕಾಳಿನಲ್ಲಿ ಹುಟ್ಟಿದ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದೇ ಇದಕ್ಕೆ ಕಾರಣ. ಮೊಳಕೆ ಕಾಳನ್ನು ಹದ ಮೀರಿ ಹುರಿದರೆ ಕಿಣ್ವ ಕೆಟ್ಟು ಗಂಜಿ ಗಟ್ಟಿಯಾಗುತ್ತದೆ. ಒಂದೊಂದು ಕಿಣ್ವಕ್ಕೂ ಒಂದೊಂದೇ ಕೆಲಸ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಆದುದರಿಂದ ಭ್ರೂಣದಲ್ಲಿ ಯಾವ ಕಿಣ್ವ ಎಷ್ಟಿದೆ ಎಂದು ಅಳೆದರೆ ಆ ಹೊತ್ತಿನಲ್ಲಿ ಅದು ಏನನ್ನು ಉಂಡು ಹೇಗೆ ಬದುಕುತ್ತಿದೆ ಎಂಬುದರ ಸುಳಿವು ಸಿಗುತ್ತದೆ.

ತಾಯಿ ಕಟ್ಟಿಕೊಟ್ಟ ಬುತ್ತಿ

ಹಸುವಿನ ಅಂಡಾಣುವಿನ ಅಡ್ಡಳತೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು. ಸಾಸಿವೆ ಕಾಳಿನ ಪಕ್ಕದಲ್ಲಿಟ್ಟರೂ ಕಾಣದು. ಆದರೂ ದೇಹದ ಇತರ ಜೀವಕೋಶಗಳಿಗೆ ಹೋಲಿಸಿದರೆ ಇದು ಬಲು ದೊಡ್ಡದು. ಕಾರಣ, ಮುಂದಿನ ಕೆಲವು ದಿನಗಳಿಗೆ ಬೇಕಾದ ಕಿಣ್ವಗಳನ್ನೂ, ಇನ್ನಷ್ಟು ಕಿಣ್ವಗಳನ್ನು ತಯಾರಿಸಲು ಬೇಕಾದ ಸೂಚನೆಗಳನ್ನೂ ತಾಯಿ ಅದರಲ್ಲಿ ತುಂಬಿರುತ್ತದೆ. ಈ ತುಂಬುವ ಕೆಲಸ ಬೆದೆಯ ದಿನ ನಡೆಯುವುದಲ್ಲ. ಅಂಡಾಶಯದಲ್ಲಿ ಅಂಡಾಣುವನ್ನು ಹೊತ್ತ ಕೋಶಿಕೆ ಸಣ್ಣ ನೀರ್ಗುಳ್ಳೆಯಾದಂದಿನಿಂದ ಒಡೆಯುವ ಹಂತಕ್ಕೆ ಬೆಳೆಯಲು ಸುಮಾರು 40 ದಿನ, ಅಂದರೆ ಎರಡು ಬೆದೆಗಳಷ್ಟು ಕಾಲ ಹಿಡಿಯುತ್ತದೆ. ಅದಕ್ಕೂ ಮುಂಚಿನ ಬೆಳವಣಿಗೆ ಇನ್ನೂ ನಿಧಾನ. ಈ ಅವಧಿಯಲ್ಲಿ ಹಸು ಹಸಿದಿದ್ದರೆ, ಜ್ವರದಿಂದ ಬಳಲಿದ್ದರೆ, ಬಿಸಿಲಿನಲ್ಲಿ ಬೆಂದಿದ್ದರೆ ಬುತ್ತಿಯ ಗಂಟು ಅಷ್ಟರಮಟ್ಟಿಗೆ ಸಣ್ಣದಾಗುತ್ತದೆ.

ಹಸು ಬೆದೆಗೆ ಬಂದು, ಬೆದೆ ಇಳಿದ ಸುಮಾರು 10–12 ಗಂಟೆಗೆ ಅಂಡಾಣು ಹೊರಬಿದ್ದು ಅಂಡನಾಳವನ್ನು ಸೇರುತ್ತದೆ. ಅಲ್ಲಿ ವೀರ್ಯಾಣುವಿಗೂ ಅದಕ್ಕೂ ನಡೆಯುವ ಭೇಟಿಯೂ ಕಿಣ್ವಗಳ ವ್ಯವಹಾರವೇ. ವೀರ್ಯಾಣುವಿನ ತಲೆಯ ತುದಿಯಲ್ಲಿ ಟೋಪಿಯಂತಿರುವ ಚೀಲದಲ್ಲಿ ಪ್ರೋಟೀನನ್ನು ಕರಗಿಸುವ ಕಿಣ್ವಗಳಿವೆ. ಅಂಡಾಣುವಿನ ಸುತ್ತ ಜೋನಾ ಎಂಬ ಪಾರದರ್ಶಕವಾದ ಗಟ್ಟಿ ಪೊರೆ ಇದೆ. ಒಂದು ವೀರ್ಯಾಣು ಒಳಹೊಕ್ಕ ಕೂಡಲೆ ಅಂಡಾಣು ತನ್ನ ಅಂಚಿನಲ್ಲಿ ಕಾದಿರಿಸಿಕೊಂಡಿದ್ದ ಇನ್ನೊಂದು ಕಿಣ್ವವನ್ನು ಹೊರಕ್ಕೆ ಸುರಿಯುತ್ತದೆ. ಅದು ಪೊರೆಯ ರಚನೆಯನ್ನೇ ಬದಲಿಸಿ ಎರಡನೆಯ ವೀರ್ಯಾಣುವಿಗೆ ದಾರಿ ಮುಚ್ಚುತ್ತದೆ. ಅಂಡಾಣುವಿಗೆ ವಯಸ್ಸಾದರೆ ಈ ಬಾಗಿಲು ಸರಿಯಾಗಿ ಮುಚ್ಚದೆ ಎರಡು ಮೂರು ವೀರ್ಯಾಣುಗಳು ನುಗ್ಗುವುದುಂಟು. ಅಂಥ ಭ್ರೂಣ ಉಳಿಯದು. ಹೊರಬಿದ್ದ ಅಂಡಾಣುವಿನ ಆಯಸ್ಸು ಕೆಲವೇ ಗಂಟೆಗಳು. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕೆಂಬ ಹಳೆಯ ಸಲಹೆಯ ಹಿಂದಿರುವ ಲೆಕ್ಕ ಇದೇ. "ನಾಳೆ ಮಾಡಿಸೋಣ, ಇವತ್ತು ಕಳೆ ಕೀಳುವ ಕೆಲಸವಿದೆ" ಎಂದರೆ ಆ ಬೆದೆ ವ್ಯರ್ಥವಾದಂತೆಯೇ ಸರಿ.

ಫಲಗೊಂಡ ಅಂಡಾಣು ಎರಡಾಗಿ, ನಾಲ್ಕಾಗಿ, ಎಂಟಾಗಿ ಸೀಳುತ್ತದೆ. ಇದನ್ನು ಬೆಳವಣಿಗೆ ಎನ್ನುವುದು ಅಷ್ಟು ಸರಿಯಲ್ಲ. ಬೆಲ್ಲದ ಅಚ್ಚನ್ನು ಎಂಟು ಹೋಳು ಮಾಡಿದರೆ ಬೆಲ್ಲ ಹೆಚ್ಚಾಗದು. ಹಾಗೆಯೇ ಇಲ್ಲಿಯೂ ಕೋಶಗಳ ಸಂಖ್ಯೆ ಏರುತ್ತದೆಯೇ ಹೊರತು ಒಟ್ಟು ಗಾತ್ರ ಏರದು. ಈ ದಿನಗಳಲ್ಲಿ ಭ್ರೂಣದ ಸ್ವಂತ ವಂಶವಾಹಿಗಳು ಇನ್ನೂ ನಿದ್ರಿಸುತ್ತಿರುತ್ತವೆ. ವಿಷದ ಅಣಬೆಯಿಂದ ತೆಗೆದ ಅಮಾನಿಟಿನ್ ಎಂಬ ವಸ್ತು ವಂಶವಾಹಿಗಳಿಂದ ಹೊಸ ಸೂಚನೆ ಹೊರಡುವುದನ್ನು ತಡೆಯುತ್ತದೆ. ಇದನ್ನು ಬೆರೆಸಿದ ದ್ರವದಲ್ಲಿ ಹಸುವಿನ ಭ್ರೂಣವನ್ನಿಟ್ಟರೂ ಅದು ಏನೂ ಆಗದಂತೆ ಎಂಟು ಕೋಶಗಳವರೆಗೆ ಸೀಳುತ್ತದೆ, ಆ ಬಳಿಕ ನಿಂತುಬಿಡುತ್ತದೆ. ಅಂದರೆ ಅಲ್ಲಿಯವರೆಗೆ ನಡೆದದ್ದೆಲ್ಲ ತಾಯಿಯ ಬುತ್ತಿಯಿಂದ. ಹಸು, ಕುರಿ, ಮೇಕೆಗಳಲ್ಲಿ ಭ್ರೂಣ ತನ್ನ ಕಾಲ ಮೇಲೆ ತಾನು ನಿಲ್ಲುವುದು 8ರಿಂದ 16 ಕೋಶಗಳ ಹಂತದಲ್ಲಿ, ಅಂದರೆ ಮೂರು ನಾಲ್ಕನೆಯ ದಿನ. ಹಂದಿಯಲ್ಲಿ ಇದು 4 ಕೋಶಗಳಿಗೇ ಆಗುತ್ತದೆ. ಪ್ರಯೋಗಾಲಯದ ಇಲಿಯಲ್ಲಿ ಇನ್ನೂ ಬೇಗ, ಎರಡೇ ಕೋಶಗಳಿಗೆ. ಹೋರಿ ಎಷ್ಟೇ ಉತ್ತಮ ತಳಿಯದಾಗಿರಲಿ, ಮೊದಲ ಮೂರು ದಿನ ಭ್ರೂಣವನ್ನು ಕಾಯುವುದು ತಾಯಿ ತುಂಬಿಕೊಟ್ಟ ಸಾಮಗ್ರಿಯೇ.

ಇಲಿಯ ಭ್ರೂಣ ಕಲಿಸಿದ ಪಾಠ

ಈ ವಿಷಯದಲ್ಲಿ ಮೊದಲ ತಿಳಿವಳಿಕೆ ಬಂದದ್ದು ಇಲಿಗಳಿಂದ. 1956ರಲ್ಲಿ ಆಸ್ಟ್ರೇಲಿಯಾದ ವಿಟ್ಟನ್ ಎಂಬ ವಿಜ್ಞಾನಿ 8 ಕೋಶಗಳ ಇಲಿ ಭ್ರೂಣಗಳನ್ನು ಗ್ಲೂಕೋಸ್ ಬೆರೆಸಿದ ಲವಣದ ದ್ರವದಲ್ಲಿ ಬೆಳೆಸಿ ತೋರಿಸಿದರು. ಆದರೆ ಅದೇ ದ್ರವದಲ್ಲಿ 2 ಕೋಶಗಳ ಭ್ರೂಣ ಬೆಳೆಯಲಿಲ್ಲ. ಗ್ಲೂಕೋಸ್ ಎದುರಿಗೇ ಇದ್ದರೂ ಅದನ್ನು ಉಣ್ಣಲು ಎಳೆಯ ಭ್ರೂಣಕ್ಕೆ ಬರುತ್ತಿರಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಪಶುವೈದ್ಯ ಶಾಸ್ತ್ರವನ್ನು ಓದಿದ್ದ ರಾಲ್ಫ್ ಬ್ರಿನ್‌ಸ್ಟರ್ ಎಂಬವರು 1960ರ ದಶಕದಲ್ಲಿ ಈ ಒಗಟನ್ನು ಕೈಗೆತ್ತಿಕೊಂಡರು. ಎಣ್ಣೆಯ ಅಡಿಯಲ್ಲಿ ಪುಟ್ಟ ಹನಿಗಳನ್ನಿಟ್ಟು ಒಂದೊಂದು ಹನಿಯಲ್ಲಿ ಒಂದೊಂದು ಬಗೆಯ ಆಹಾರ ಬೆರೆಸಿ, ಯಾವುದರಲ್ಲಿ ಭ್ರೂಣ ಬೆಳೆಯುತ್ತದೆಂದು ನೋಡಿದರು. ಎಳೆಯ ಭ್ರೂಣಕ್ಕೆ ಹಿಡಿಸಿದ್ದು ಗ್ಲೂಕೋಸ್ ಅಲ್ಲ, ಪೈರುವೇಟ್ ಮತ್ತು ಲ್ಯಾಕ್ಟೇಟ್ ಎಂಬ ಆಮ್ಲಗಳ ಲವಣಗಳು. ಗ್ಲೂಕೋಸ್ ಅರ್ಧ ಒಡೆದಾಗ ಸಿಗುವ ವಸ್ತುಗಳಿವು. ಹಲ್ಲಿಲ್ಲದ ಮಗುವಿಗೆ ನುರಿದ ಅನ್ನ ಕೊಟ್ಟ ಹಾಗೆ.

1965ರಲ್ಲಿ ಅವರು ಇಲಿಯ ಅಂಡಾಣುವಿನಲ್ಲಿ ಲ್ಯಾಕ್ಟೇಟನ್ನು ಪೈರುವೇಟ್ ಆಗಿ ಬದಲಿಸುವ ಲ್ಯಾಕ್ಟಿಕ್ ಡಿಹೈಡ್ರೊಜಿನೇಸ್ ಎಂಬ ಕಿಣ್ವವನ್ನು ಅಳೆದರು. ಅದು ಅಂಡಾಣುವಿನಲ್ಲಿ ಅತಿ ಹೆಚ್ಚಾಗಿದ್ದು, ಭ್ರೂಣ ಬೆಳೆದಂತೆಲ್ಲ ಇಳಿಯುತ್ತ ಹೋಗುವುದು ಕಂಡುಬಂತು. ಬುತ್ತಿ ಕರಗುವುದನ್ನು ಅಂಕಿಗಳಲ್ಲಿ ತೋರಿಸಿದ ಮೊದಮೊದಲ ಪ್ರಯೋಗಗಳಲ್ಲಿ ಇದೊಂದು.

ಗ್ಲೂಕೋಸ್ ಏಕೆ ಹಿಡಿಸದು ಎಂಬುದಕ್ಕೆ ಉತ್ತರ ಸಿಕ್ಕಿದ್ದು 1974ರಲ್ಲಿ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಆಲಿವರ್ ಲೌರಿ ಮತ್ತು ಸಂಗಡಿಗರು ಒಂದೆರಡು ಭ್ರೂಣಗಳಲ್ಲಿರುವಷ್ಟು ಸಣ್ಣ ಪ್ರಮಾಣದ ವಸ್ತುವನ್ನೂ ಅಳೆಯುವ ಉಪಾಯ ಕಂಡುಹಿಡಿದಿದ್ದರು. ಗಾಣದ ಎತ್ತು ಸುತ್ತಿದಂತೆ ಒಂದು ಸಹಕಿಣ್ವದ ಕಣವನ್ನು ಸಾವಿರಾರು ಸುತ್ತು ತಿರುಗಿಸಿ, ಸುತ್ತಿಗೊಂದರಂತೆ ಬೇರೊಂದು ವಸ್ತುವಿನ ಕಣ ರಾಶಿ ಬೀಳುವಂತೆ ಮಾಡುವುದು, ಕೊನೆಗೆ ರಾಶಿಯನ್ನು ಅಳೆಯುವುದು: ಇದೇ ಆ ಉಪಾಯ. ಹೀಗೆ ಅಳೆದಾಗ, ಎಳೆಯ ಭ್ರೂಣದಲ್ಲಿ ಗ್ಲೂಕೋಸ್ ಒಳಕ್ಕೆ ಬಂದರೂ ಫಾಸ್ಫೊಫ್ರಕ್ಟೊಕೈನೇಸ್ ಎಂಬ ಕಿಣ್ವದ ಬಳಿ ತೂಬು ಮುಚ್ಚಿದ ಕಾಲುವೆಯಂತೆ ನಿಂತುಬಿಡುತ್ತದೆಂದು ತಿಳಿಯಿತು. ಮುಂದಿನ ಹಂತಗಳಲ್ಲಿ ಈ ತಡೆ ತೆರೆಯುತ್ತದೆ. ಜೊತೆಗೆ ಹೆಕ್ಸೊಕೈನೇಸ್ ಎಂಬ ಇನ್ನೊಂದು ಕಿಣ್ವವೂ ಭ್ರೂಣ ಬೆಳೆದಂತೆ ಏರುತ್ತದೆ. ಆಗ ಭ್ರೂಣ ಗ್ಲೂಕೋಸನ್ನು ಬಾಚಿ ಉಣ್ಣತೊಡಗುತ್ತದೆ.

ಹಸುವಿನ ಭ್ರೂಣವೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆಯುತ್ತದೆ. ಮೊದಲು ಪೈರುವೇಟ್, ಲ್ಯಾಕ್ಟೇಟ್ ಮತ್ತು ಅಮೈನೋ ಆಮ್ಲಗಳು. ಆ ಬಳಿಕ ಗ್ಲೂಕೋಸ್. ಹಸುವಿನ ಅಂಡನಾಳದ ದ್ರವದಲ್ಲಿ ರಕ್ತಕ್ಕಿಂತ ಗ್ಲೂಕೋಸ್ ಕಡಿಮೆ ಇರುವುದು ಇದಕ್ಕೆ ತಕ್ಕುದಾಗಿಯೇ ಇದೆ. ಪ್ರಯೋಗಾಲಯದ ಬಟ್ಟಲಿನಲ್ಲಿ ಗ್ಲೂಕೋಸ್ ಹೆಚ್ಚಾಗಿಟ್ಟರೆ ಹಸುವಿನ ಎಳೆಯ ಭ್ರೂಣ ಕೆಡುತ್ತದೆ. ಇದು ತಿಳಿಯುವ ಮುಂಚೆ ಹಸುವಿನ ಭ್ರೂಣ 8 ಕೋಶಗಳಿಗೆ ಬಂದು ನಿಲ್ಲುವುದು ವಿಜ್ಞಾನಿಗಳಿಗೆ ದೊಡ್ಡ ತಲೆನೋವಾಗಿತ್ತು. ಕುರಿಯ ಅಂಡನಾಳದಲ್ಲಿಟ್ಟು ಕೆಲವು ದಿನ ಸಾಕಿ ತೆಗೆಯುವ ಪರಿಪಾಠವೂ ಇತ್ತು. ಅಂಡನಾಳದ ಈ ಮಹಿಮೆಗೆ ಇನ್ನೊಂದು ಸಾಕ್ಷಿ ಇದೆ. ಇಂಗ್ಲೆಂಡಿನ ಕೇಂಬ್ರಿಡ್ಜಿನಿಂದ ಕುರಿಯ ಭ್ರೂಣಗಳನ್ನು ಜೀವಂತ ಮೊಲದ ಅಂಡನಾಳದಲ್ಲಿಟ್ಟು ವಿಮಾನದಲ್ಲಿ ದಕ್ಷಿಣ ಆಫ್ರಿಕಕ್ಕೆ ಕಳುಹಿಸಿ, ಅಲ್ಲಿನ ಕುರಿಗಳಿಗೆ ವರ್ಗಾಯಿಸಿ ಮರಿ ಪಡೆದ ಪ್ರಯೋಗ 1962ರಲ್ಲಿ ವರದಿಯಾಯಿತು. ಮಂದೆಯನ್ನು ಹಡಗಿನಲ್ಲಿ ಸಾಗಿಸುವ ಬದಲು ಒಂದು ಮೊಲ ಸಾಕಾಯಿತು!

ಹೆಣ್ಣು ಕರುವನ್ನೇ ಬಯಸುವ ರೈತರಿಗೆ ಇಲ್ಲಿ ಒಂದು ಸ್ವಾರಸ್ಯ ಉಂಟು. ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೊಜಿನೇಸ್ ಎಂಬ ಕಿಣ್ವದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣು ಭ್ರೂಣದಲ್ಲಿ ಎಕ್ಸ್ ಎರಡು, ಗಂಡಿನಲ್ಲಿ ಒಂದು. ಎಳೆಯ ವಯಸ್ಸಿನಲ್ಲಿ ಎರಡೂ ಎಕ್ಸ್‌ಗಳು ಕೆಲಸ ಮಾಡುವ ಕಾಲವೊಂದಿರುವುದರಿಂದ ಹೆಣ್ಣು ಭ್ರೂಣದಲ್ಲಿ ಈ ಕಿಣ್ವ ಹೆಚ್ಚು. ಇದನ್ನು ಅಳೆದು ಭ್ರೂಣದ ಲಿಂಗ ತಿಳಿಯುವ ಯತ್ನಗಳು ನಡೆದವಾದರೂ ಅದು ಕೊಟ್ಟಿಗೆಯವರೆಗೆ ಬರಲಿಲ್ಲ. ಇಂದು ಬಳಕೆಗೆ ಬಂದಿರುವುದು ಲಿಂಗ ನಿರ್ಧರಿತ ವೀರ್ಯ. ಅದರ ತತ್ವವೇ ಬೇರೆ.

ನೀರೆತ್ತುವ ಕಿಣ್ವ, ಪೊರೆ ಕರಗಿಸುವ ಕಿಣ್ವ

ನಾಲ್ಕೈದನೆಯ ದಿನ ಭ್ರೂಣ ಅಂಡನಾಳದಿಂದ ಗರ್ಭಕೋಶಕ್ಕೆ ಇಳಿಯುತ್ತದೆ. ಆಗ ಅದು ಕೋಶಗಳು ಒತ್ತೊತ್ತಾಗಿ ಕೂಡಿದ ಗುಂಡು. ವಿಜ್ಞಾನಿಗಳು ಅದನ್ನು ಮೊರುಲಾ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಹಿಪ್ಪುನೇರಳೆ ಹಣ್ಣು ಎಂದು ಅರ್ಥ. ರೇಷ್ಮೆ ಸಾಕುವವರು ಆ ಹಣ್ಣನ್ನು ನೆನೆದರೆ ಭ್ರೂಣದ ಆಕಾರ ಕಣ್ಣಿಗೆ ಕಟ್ಟುತ್ತದೆ.

ಏಳೆಂಟನೆಯ ದಿನಕ್ಕೆ ಈ ಗುಂಡಿನೊಳಗೆ ನೀರು ತುಂಬಿ ಅದು ಗುಳ್ಳೆಯಾಗುತ್ತದೆ. ಇದೇ ಬ್ಲಾಸ್ಟೊಸಿಸ್ಟ್ ಹಂತ. ನೀರು ಸುಮ್ಮನೆ ಒಸರಿ ಬಂದದ್ದಲ್ಲ. ಹೊರಸಾಲಿನ ಕೋಶಗಳ ಒಳಮೈಯಲ್ಲಿ ಸೋಡಿಯಂ-ಪೊಟ್ಯಾಸಿಯಂ ಎಟಿಪಿಯೇಸ್ ಎಂಬ ಕಿಣ್ವವಿದೆ; ಅದು ಶಕ್ತಿಯನ್ನು ಖರ್ಚು ಮಾಡಿ ಸೋಡಿಯಂ ಲವಣವನ್ನು ಒಳಕ್ಕೆ ತಳ್ಳುತ್ತದೆ, ಲವಣವನ್ನು ಹಿಂಬಾಲಿಸಿ ನೀರು ಒಳಕ್ಕೆ ನುಗ್ಗುತ್ತದೆ. ಪಂಪ್‌ಸೆಟ್ಟಿನ ಕೆಲಸವೇ ಸರಿ. ಈ ಕಿಣ್ವವನ್ನು ತಡೆಯುವ ಔಷಧಿ ಹಾಕಿದರೆ ಗುಳ್ಳೆ ಉಬ್ಬುವುದೇ ಇಲ್ಲ. ಭ್ರೂಣದ ಆಹಾರದ ಬೇಡಿಕೆ ಈ ಹಂತದಲ್ಲಿ ಒಮ್ಮೆಗೇ ಏರುವುದಕ್ಕೆ ಈ ಪಂಪೂ ಒಂದು ಕಾರಣ.

ಉಬ್ಬಿದ ಗುಳ್ಳೆ ಇನ್ನೂ ಜೋನಾ ಪೊರೆಯೊಳಗೆ ಸೆರೆಯಲ್ಲಿದೆ. ಹೊರಬರದೆ ಗರ್ಭಕೋಶಕ್ಕೆ ಅಂಟಿಕೊಳ್ಳಲಾರದು. ಹಸುವಿನಲ್ಲಿ 8ರಿಂದ 10ನೆಯ ದಿನದೊಳಗೆ ಭ್ರೂಣ ಮೊಟ್ಟೆಯೊಡೆದ ಮರಿಯಂತೆ ಪೊರೆ ಬಿಟ್ಟು ಹೊರಬರುತ್ತದೆ. ಒಳಗಿನ ಒತ್ತಡ ಒಂದೇ ಇದಕ್ಕೆ ಕಾರಣವಲ್ಲ, ಪ್ರೋಟೀನ್ ಕರಗಿಸುವ ಕಿಣ್ವಗಳೂ ಬೇಕು. ಈ ಕಿಣ್ವಗಳು ಯಾವುವು, ಗರ್ಭಕೋಶದಿಂದ ಬರುತ್ತವೆಯೋ ಭ್ರೂಣವೇ ತಯಾರಿಸುತ್ತದೆಯೋ ಎಂಬ ಬಗ್ಗೆ ಬಹಳ ಕಾಲ ಚರ್ಚೆ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಿ. ಶೇಷಗಿರಿ ಅವರ ತಂಡ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಭ್ರೂಣಗಳಲ್ಲಿ ಈ ಪ್ರಶ್ನೆಯನ್ನು ಹಿಡಿದು ಕೆಲಸ ಮಾಡಿತು. ಅಲ್ಲಿ ಪೊರೆಯನ್ನು ಕರಗಿಸುವುದು ಕೆಥೆಪ್ಸಿನ್ ಎಂಬ ಗುಂಪಿನ ಕಿಣ್ವಗಳೆಂದೂ, ಅವನ್ನು ಭ್ರೂಣವೇ ತಯಾರಿಸುತ್ತದೆಂದೂ 2008ರಲ್ಲಿ ಪ್ರಕಟವಾದ ಅವರ ಸಂಶೋಧನೆ ತಿಳಿಸುತ್ತದೆ. ಪ್ರಾಣಿಯಿಂದ ಪ್ರಾಣಿಗೆ ಕಿಣ್ವ ಬೇರೆಯಾಗಬಹುದು. ಹಸುವಿನಲ್ಲಿ ಪ್ಲಾಸ್ಮಿನ್ ಎಂಬುದರ ಪಾತ್ರವನ್ನು ಗುರುತಿಸಲಾಗಿದೆ.

ಹದಿನಾರನೆಯ ದಿನದ ಓಲೆ

ಪೊರೆ ಬಿಟ್ಟ ಭ್ರೂಣ ಗುಂಡಾಗಿ ಉಳಿಯದು. ಹನ್ನೆರಡು ಹದಿಮೂರನೆಯ ದಿನದಿಂದ ಅದು ಉದ್ದಕ್ಕೆ ಹಿಗ್ಗತೊಡಗಿ, 16–17ನೆಯ ದಿನಕ್ಕೆ ಹತ್ತಿಪ್ಪತ್ತು ಸೆಂಟಿಮೀಟರಿನ ಬಿಳಿ ದಾರದಂತಾಗುತ್ತದೆ. ಈ ಹೊತ್ತಿಗೆ ಅದು ತಾಯಿಗೆ ತಾನಿದ್ದೇನೆಂದು ತಿಳಿಸಬೇಕು. ಗರ್ಭಕೋಶ ಖಾಲಿ ಎಂದು ತಾಯಿಯ ದೇಹ ಭಾವಿಸಿದರೆ, ಗರ್ಭಕೋಶದ ಒಳಪದರದ ಕಿಣ್ವಗಳು ಕೊಬ್ಬಿನ ಆಮ್ಲವೊಂದರಿಂದ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ತಯಾರಿಸಿ ಅಲೆಅಲೆಯಾಗಿ ಬಿಡುತ್ತವೆ. ಅದು ಅಂಡಾಶಯದಲ್ಲಿ ಗರ್ಭವನ್ನು ಕಾಯುವ ಹಾರ್ಮೋನು ಸುರಿಸುತ್ತಿರುವ ಹಳದಿ ಗಂಟನ್ನು ಕರಗಿಸಿ ಹಸುವನ್ನು ಮತ್ತೆ ಬೆದೆಗೆ ತರುತ್ತದೆ. ಪಶುವೈದ್ಯರು ಬೆದೆ ಬರಿಸಲು ಕೊಡುವ ಇಂಜೆಕ್ಷನ್ನಿನಲ್ಲಿರುವುದೂ ಈ ಬಗೆಯ ವಸ್ತುವೇ.

ಭ್ರೂಣ ಕಳುಹಿಸುವ ಓಲೆ ಇಂಟರ್‌ಫೆರಾನ್-ಟೌ ಎಂಬ ಪ್ರೋಟೀನು. ಕುರಿಯ ಭ್ರೂಣದಲ್ಲಿ 1980ರ ದಶಕದ ಆರಂಭದಲ್ಲಿ ಸಿಕ್ಕಿದ ಈ ಪ್ರೋಟೀನು ಇಂಟರ್‌ಫೆರಾನ್ ಜಾತಿಯದೆಂದು 1987ರಲ್ಲಿ ಗೊತ್ತಾಯಿತು. ಇದು ಪ್ರೊಸ್ಟಾಗ್ಲಾಂಡಿನ್ ಅಲೆಗಳನ್ನು ತಡೆಯುತ್ತದೆ. ಓಲೆ ಎಷ್ಟು ಬಲವಾಗಿರುತ್ತದೆ ಎಂಬುದು ಭ್ರೂಣ ಎಷ್ಟು ಉದ್ದ ಬೆಳೆದಿದೆ ಎಂಬುದನ್ನು ಅವಲಂಬಿಸಿದೆ. ಮೊದಲ ವಾರದಲ್ಲಿ ಸೊರಗಿದ ಭ್ರೂಣ ಹದಿನಾರನೆಯ ದಿನಕ್ಕೂ ಗಿಡ್ಡವಾಗಿಯೇ ಉಳಿದು, ಓಲೆ ಮುಟ್ಟದೆ, ಜೀವಂತವಿದ್ದಾಗಲೇ ಬೆದೆಯೊಡನೆ ಕೊಚ್ಚಿಹೋಗಬಹುದು. ಮೂರು ವಾರಕ್ಕೆ ಸರಿಯಾಗಿ ಹಸು ತಿರುಗಿ ಬೆದೆಗೆ ಬಂದಾಗ ರೈತನಿಗೆ ಕಾಣುವುದು ಲೋಳೆ ಮಾತ್ರ, ಕಳೆದುಹೋದ ಭ್ರೂಣ ಕಾಣುವುದಿಲ್ಲ. ಓಲೆ ಮುಟ್ಟಿದರೆ 20ನೆಯ ದಿನದ ಆಸುಪಾಸಿಗೆ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳತೊಡಗುತ್ತದೆ.

ಬಿಸಿಲು ಮತ್ತು ಎಳೆಯ ಭ್ರೂಣ

ಹಸುವಿನ ಸಹಜ ಮೈಶಾಖ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಇದು ಅರ್ಧ ಒಂದು ಡಿಗ್ರಿ ಏರಿದರೂ ಗರ್ಭ ಕಟ್ಟುವ ಪ್ರಮಾಣ ಇಳಿಯುತ್ತದೆ. ಹುರಿದ ರಾಗಿಯಲ್ಲಿ ಆದಂತೆ ಈ ಶಾಖದಲ್ಲಿ ಕಿಣ್ವ ಸುಟ್ಟುಹೋಗುವುದಿಲ್ಲ. ಆಗುವುದು ಬೇರೆ. ಶಾಖ ಏರಿದಾಗ ಜೀವಕೋಶದೊಳಗೆ ಆಮ್ಲಜನಕದ ಉಗ್ರ ಕಣಗಳು ಹೆಚ್ಚುತ್ತವೆ. ಇವನ್ನು ಅಡಗಿಸಲು ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್, ಕೆಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಾವಲು ಕಿಣ್ವಗಳಿವೆ. ಸ್ವಂತ ವಂಶವಾಹಿಗಳು ಎಚ್ಚರಗೊಂಡ ಭ್ರೂಣ ಇಂಥ ರಕ್ಷಣೆಯನ್ನು ಹೆಚ್ಚಿಸಿಕೊಳ್ಳಬಲ್ಲದು. ಒಂದೆರಡು ದಿನದ ಭ್ರೂಣಕ್ಕೆ ಆ ಶಕ್ತಿ ಇಲ್ಲ. ಬುತ್ತಿಯಲ್ಲಿ ಎಷ್ಟಿದೆಯೋ ಅಷ್ಟೇ.

ಅಮೆರಿಕದ ಫ್ಲಾರಿಡಾದಲ್ಲಿ ಹ್ಯಾನ್ಸೆನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸುತ್ತದೆ. ಕೆಲವು ಹಸುಗಳನ್ನು ಗರ್ಭಧಾರಣೆಯ ನಂತರ ಮೊದಲನೆಯ ದಿನ, ಕೆಲವನ್ನು 3ನೆಯ ದಿನ, ಇನ್ನು ಕೆಲವನ್ನು 5 ಅಥವಾ 7ನೆಯ ದಿನ ಸೆಕೆಗೆ ಒಡ್ಡಿ, 8ನೆಯ ದಿನ ಭ್ರೂಣಗಳನ್ನು ಹೊರತೆಗೆದು ನೋಡಿದರು. ಮೊದಲ ದಿನ ಬೆಂದ ಹಸುಗಳ ಭ್ರೂಣಗಳು ಹಿಂದೆ ಬಿದ್ದಿದ್ದವು; ಉಳಿದ ದಿನಗಳ ಸೆಕೆಯಿಂದ ಅಂಥ ಹಾನಿ ಕಾಣಲಿಲ್ಲ. ಅಲ್ಲಿಯೇ ನಡೆದ ಮುಂದಿನ ಪ್ರಯೋಗಗಳಲ್ಲಿ ಬ್ರಾಹ್ಮನ್ ತಳಿಯ ಭ್ರೂಣಗಳು ಹೋಲ್‌ಸ್ಟೀನ್ ಭ್ರೂಣಗಳಿಗಿಂತ ಶಾಖವನ್ನು ಚೆನ್ನಾಗಿ ತಡೆದವು. ಈ ಬ್ರಾಹ್ಮನ್ ತಳಿಯನ್ನು ಅಮೆರಿಕದಲ್ಲಿ ಭಾರತದ ದನಗಳಿಂದಲೇ ಬೆಳೆಸಿದ್ದು. ಓಂಗೋಲ್, ಗಿರ್, ಕಾಂಕ್ರೇಜ್‌ಗಳ ಜೊತೆಗೆ ನಮ್ಮ ಕೃಷ್ಣಾ ಕಣಿವೆ ತಳಿಯ ರಕ್ತವೂ ಅದರಲ್ಲಿದೆ. ವಿದೇಶಿ ರಕ್ತ ಹೆಚ್ಚಿರುವ ಮಿಶ್ರತಳಿ ಹಸುವನ್ನು ನಾಟಿ ಹಸುವಿನಂತೆ ಬಿಸಿಲಿಗೆ ಬಿಡಬಾರದೆಂಬುದಕ್ಕೆ ಇದೂ ಒಂದು ಆಧಾರ.

ಆದುದರಿಂದ ಬೇಸಿಗೆಯಲ್ಲಿ ಗರ್ಭಧಾರಣೆಯನ್ನು ತಂಪು ಹೊತ್ತಿನಲ್ಲಿ ಮಾಡಿಸಿ, ಆ ದಿನ ಮತ್ತು ಮುಂದಿನ ಎರಡು ಮೂರು ದಿನ ಹಸುವನ್ನು ಹೊಲಕ್ಕೆ ಅಟ್ಟದೆ ನೆರಳಿನಲ್ಲಿ ಕಟ್ಟಬೇಕು. ದೂರದ ಕೇಂದ್ರಕ್ಕೆ ನಡುಮಧ್ಯಾಹ್ನ ನಡೆಸಿಕೊಂಡು ಹೋಗಿ ನಡೆಸಿಕೊಂಡು ಬರುವುದು ತೀರಾ ತಪ್ಪು. ತಗಡಿನ ಕೊಟ್ಟಿಗೆಯಾದರೆ ಮೇಲೆ ತೆಂಗಿನ ಗರಿ ಅಥವಾ ಹುಲ್ಲು ಹೊದಿಸಿ ನೀರು ಚಿಮುಕಿಸಬೇಕು, ಗಾಳಿ ಬರುವ ಕಡೆ ಹಸಿ ಗೋಣಿ ತಟ್ಟು ಇಳಿಬಿಡಬಹುದು. ಆದರೆ ಗಾಳಿಯಾಡದ ಕೊಟ್ಟಿಗೆಯಲ್ಲಿ ನೀರು ಚಿಮುಕಿಸಿದರೆ ಸೆಕೆ ಇನ್ನೂ ಹೆಚ್ಚುತ್ತದೆ. ಕುಡಿಯುವ ನೀರು ಹಗಲಿರುಳು ಎದುರಿಗಿರಬೇಕು. ಮೇವನ್ನು ಮುಂಜಾನೆ ಮತ್ತು ರಾತ್ರಿ ಹೆಚ್ಚಾಗಿ ಹಾಕುವುದು ಮೇಲು. ಇನ್ನೊಂದು ಮಾತು: ಬೇಸಿಗೆ ಮುಗಿದು ಮಳೆ ಬಿದ್ದ ಕೂಡಲೆ ಎಲ್ಲವೂ ಸರಿಹೋಗುವುದೆಂದು ತಿಳಿಯಬಾರದು. ಸೆಕೆಯಲ್ಲಿ ಬೆಳೆದ ಅಂಡಾಣುಗಳು ಇನ್ನೂ ಸರದಿಯಲ್ಲಿರುತ್ತವೆ. ಇಸ್ರೇಲ್ ದೇಶದ ಹೈನು ಮಂದೆಗಳಲ್ಲಿ ಬೇಸಿಗೆ ಕಳೆದು ತಂಪು ಬಂದ ಮೇಲೂ ಕೆಲವು ವಾರ ಗರ್ಭ ಕಟ್ಟುವುದು ಕಡಿಮೆ ಇರುವುದು ಕಂಡುಬಂದಿದೆ. ಮುಂಗಾರಿನ ಮೊದಲ ಬೆದೆಯಲ್ಲಿ ನಿಲ್ಲಲಿಲ್ಲವೆಂದು ಹಸುವನ್ನು ಮಾರುವುದು ಆತುರದ ಕೆಲಸ.

ಮೇವು, ಖನಿಜ, ಔಷಧಿ

ಕರು ಹಾಕಿದ ಮೊದಲ ಎರಡು ತಿಂಗಳು ಹೆಚ್ಚು ಹಾಲಿನ ಹಸು ತಿಂದದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಹಾಲಿನಲ್ಲಿ ಕಳೆದುಕೊಂಡು ಮೈ ಇಳಿಯುತ್ತದೆ. ಮುಂದಿನ ಗರ್ಭಧಾರಣೆಯ ಅಂಡಾಣು ಬೆಳೆಯುತ್ತಿರುವುದೂ ಆ ತಿಂಗಳುಗಳಲ್ಲೇ. ಬೆದೆ ಬಂದ ವಾರ ಮಾತ್ರ ಹಿಂಡಿ ಸುರಿದು ಗಬ್ಬ ನಿಲ್ಲಲೆಂದು ಕಾಯುವವರಿದ್ದಾರೆ. ಬುತ್ತಿ ಕಟ್ಟಿ ಮುಗಿದ ಮೇಲೆ ಅಕ್ಕಿ ತಂದಂತೆ ಇದು. ಹಿಂಡಿಯ ಅತಿಯೂ ಒಳ್ಳೆಯದಲ್ಲ. ಜೋಳ, ಮುಸುಕಿನ ಜೋಳದಂಥ ಶಕ್ತಿಯ ಕಾಳಿಲ್ಲದೆ ಪ್ರೋಟೀನು ಮಾತ್ರ ಹೆಚ್ಚಾದರೆ ರಕ್ತದಲ್ಲಿ ಯೂರಿಯಾ ಏರಿ, ಗರ್ಭಕೋಶದೊಳಗಿನ ದ್ರವ ಆಮ್ಲದ ಕಡೆಗೆ ವಾಲುತ್ತದೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಪ್ರಯೋಗಗಳು ತೋರಿಸಿವೆ. ಏಳನೆಯ ದಿನದ ಭ್ರೂಣ ಈಜುವುದು ಆ ದ್ರವದಲ್ಲೇ, ಮತ್ತು ಕಿಣ್ವಗಳಿಗೆ ಆಮ್ಲ ಕ್ಷಾರಗಳ ಹದ ತಪ್ಪಬಾರದು.

ಮೇಲೆ ಹೇಳಿದ ಕಾವಲು ಕಿಣ್ವಗಳು ಖನಿಜವಿಲ್ಲದೆ ಕೆಲಸ ಮಾಡಲಾರವು. ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸಿಗೆ ತಾಮ್ರ, ಸತು, ಮ್ಯಾಂಗನೀಸ್ ಬೇಕು. ಗ್ಲುಟಾಥಯೋನ್ ಪೆರಾಕ್ಸಿಡೇಸಿಗೆ ಸೆಲೆನಿಯಂ. ಒಣಹುಲ್ಲನ್ನೇ ನಂಬಿದ ಹಸುವಿಗೆ ಇವು ಸಾಲದೆ ಬರುವುದು ಸಾಮಾನ್ಯ. ಖನಿಜ ಮಿಶ್ರಣವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ದಿನವೂ ಕೊಡಬೇಕು, ಬೆದೆಯ ವಾರಕ್ಕೆ ಮಾತ್ರವಲ್ಲ. ಆದರೆ ಸೆಲೆನಿಯಂ ಅತಿಯಾದರೆ ವಿಷ. ಅಂಗಡಿಯವನ ಮಾತು ಕೇಳಿ ಎರಡು ಮೂರು ಬಗೆಯ ಪುಡಿಗಳನ್ನು ಒಟ್ಟಿಗೆ ತಿನ್ನಿಸಬಾರದು. ಜಂತುಹುಳುವಿನ ಔಷಧಿಗಳಲ್ಲಿ ಆಲ್ಬೆಂಡಜೋಲ್ ಎಂಬುದನ್ನು ಗರ್ಭಧಾರಣೆಯಾದ ಮೊದಲ 45 ದಿನ ಕೊಡಲೇಬಾರದು; ಅದು ಎಳೆಯ ಭ್ರೂಣಕ್ಕೆ ಅಪಾಯಕಾರಿ. ಹುಳು ಕಳೆಯುವುದಿದ್ದರೆ ಗರ್ಭಧಾರಣೆಗೆ ಮುಂಚೆಯೇ ಮುಗಿಸಿಕೊಳ್ಳುವುದು ಲೇಸು. ಹಾಗೆಯೇ ಮೊದಲ ಒಂದು ತಿಂಗಳು ಹಸುವನ್ನು ಲಾರಿಯಲ್ಲಿ ಸಾಗಿಸುವುದು, ಸಂತೆಗೆ ಹೊಡೆದುಕೊಂಡು ಹೋಗುವುದು, ಮೇವನ್ನು ಒಮ್ಮೆಗೇ ಬದಲಿಸುವುದು ಬೇಡ.

ಗರ್ಭಧಾರಣೆ ಮಾಡಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹಸು ಮತ್ತೆ ಬೆದೆಗೆ ಬಂದರೆ ಆ ದಿನವನ್ನೂ ಬರೆದಿಡಬೇಕು. 18ರಿಂದ 24 ದಿನಗಳೊಳಗೆ ಬಂದಿದ್ದರೆ ಅಂಡಾಣು ಫಲಗೊಂಡಿಲ್ಲ, ಇಲ್ಲವೆ ಓಲೆ ಮುಟ್ಟುವ ಮೊದಲೇ ಭ್ರೂಣ ಅಳಿದಿದೆ. ನಡುವೆ ಬೆದೆ ತಪ್ಪಿಸಿ ನೋಡದೆ ಇದ್ದು, 25 ದಿನ ದಾಟಿ 35, 40ನೆಯ ದಿನಕ್ಕೆ ಬಂದಿದ್ದರೆ, ಓಲೆ ಮುಟ್ಟಿದ ಮೇಲೆ ಭ್ರೂಣ ಸತ್ತಿರುವ ಸಂಭವ ಹೆಚ್ಚು. ಆಗ ಸೋಂಕು ರೋಗಗಳ ಕಡೆಗೂ ಗಮನ ಹರಿಸಬೇಕಾಗುತ್ತದೆ. ಎರಡಕ್ಕೂ ಚಿಕಿತ್ಸೆಯ ದಾರಿ ಬೇರೆ. ಮೂರು ಬಾರಿ ತಿರುಗಿ ಬೆದೆಗೆ ಬಂದ ಹಸುವನ್ನು ಪಶುವೈದ್ಯರಿಗೆ ತೋರಿಸುವಾಗ ಈ ದಿನಾಂಕಗಳ ಚೀಟಿಯೂ, ಹಿಂದಿನ ಕರು ಹಾಕಿದ ದಿನವೂ, ಮೇವಿನ ವಿವರವೂ ಜೊತೆಗಿದ್ದರೆ ಅವರು ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕೆಂದು ಅಲ್ಲಿಯೇ ತೀರ್ಮಾನಿಸಬಲ್ಲರು.